ಟೈಮ್‌ಕೀಪರ್ ದೇಜಪ್ಪಣ್ಣ ಕೇಳಿದ ಪ್ರಶ್ನೆ

ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ದೇಜಪ್ಪಣ್ಣ ಹೊರಡಲು ನಿಂತ ಬಸ್ಸಿನ ಎದುರು ಹೋಗಿ ನಿಲ್ಲುತ್ತಿದ್ದರು. ಪಕ್ಕದಲ್ಲಲ್ಲ, ಸರಿಯಾಗಿ ಎದುರು. ಬಂಪರಿಗೂ ಅವರ ಮೊಣಕಾಲಿಗೂ ನಡುವೆ ಒಂದು ಗೇಣು. ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ಅವರ ಕಣ್ಣು ಕೈಗಡಿಯಾರದ ಮೇಲೆಯೇ. ಬಿಡುವ ನಿಮಿಷ ಬಂದ ಮೇಲೆ ಮಾತ್ರ ಪಕ್ಕಕ್ಕೆ ಸರಿಯುತ್ತಿದ್ದರು.

ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಎಂದರೆ ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕೆಂದು ಕಾಯುವವನು. ಮಾಲೀಕರು ಕೂಡಿ ಸಂಬಳ ಕೊಡುತ್ತಾರೆ. ಬೈಗುಳವನ್ನು ಒಬ್ಬೊಬ್ಬರೇ ಕೊಡುತ್ತಾರೆ. ಒಮ್ಮೆ ಬೆಳ್ತಂಗಡಿ ಬಸ್ಸಿನವನು ತನ್ನ ಸಮಯ ಮುಗಿದರೂ ಹೊರಡದೆ ಜನ ಹತ್ತಿಸುತ್ತಿದ್ದ. ಆ ಜನ ತನ್ನವರೆಂದು ಹಿಂದಿನ ಬಸ್ಸಿನವನು ಇಳಿದು ಬಂದ. ಕಾಲರಿಗೆ ಕೈ ಹೋಗುವಷ್ಟರಲ್ಲಿ ದೇಜಪ್ಪಣ್ಣ ನಡುವೆ ತಮ್ಮ ಟೈಮಿನ ಪುಸ್ತಕ ತೂರಿಸಿದರು. "ನಿನ್ನ ಟೈಮು ಹೋಯ್ತು, ಅವನ ಟೈಮು ಬರ್ಲಿಲ್ಲ. ಈ ನಡುವಿನ ಮೂರು ನಿಮಿಷ ಉಂಟಲ್ಲ ಮಾರಾಯ, ಅದಕ್ಕೆ ಅಪ್ಪ ಇಲ್ಲ. ಪೆಟ್ಟು ಆಗುವುದು ಯಾವಾಗಲೂ ಅದರಲ್ಲೇ."

ನಿಲ್ದಾಣದ ಎದುರಿನ ಕಟ್ಟಡದ ಮಹಡಿಯಲ್ಲಿ ಶೇರು ದಲ್ಲಾಳಿಗಳ ಒಂದು ಸಣ್ಣ ಕಚೇರಿ. ನಾನು ಅಲ್ಲಿ ಕೆಲಸಕ್ಕಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದವಳು, ಜ್ಯೋತಿಷಿಯಿಂದ ಹಿಡಿದು ಶೇರಿನ ಟಿಪ್ಸು ಕೊಡುವವರ ತನಕ ಯಾರನ್ನೂ ನಂಬದವಳು. ಯಾರನ್ನೂ ನಂಬದವಳ ಮಾತನ್ನು ಜನ ಬೇಗ ನಂಬುತ್ತಾರೆ. ದೇಜಪ್ಪಣ್ಣ ನನ್ನನ್ನು ಕರೆಯುತ್ತಿದ್ದದ್ದು ಲಾಯರಮ್ಮ ಎಂದು.

ಇಪ್ಪತ್ತೆಂಟು ವರ್ಷ ನಿಂತು ಅವರ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಇನ್ನು ನಿಲ್ಲಬಾರದು ಎಂದು ಡಾಕ್ಟರು ಹೇಳಿಯಾಗಿತ್ತು. ಮೂಡುಬಿದಿರೆಯಲ್ಲಿ ಒಂದು ಅಂಗಡಿ ಕೋಣೆ ನೋಡಿಟ್ಟಿದ್ದರು: ಬೀಡಾ, ಬಾಳೆಹಣ್ಣು, ನೀರಿನ ಬಾಟಲಿ, ಮತ್ತು ಕೂರಲು ಒಂದು ಸ್ಟೂಲು. ಅಡ್ವಾನ್ಸಿಗೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕೈಯಲ್ಲಿತ್ತು. ಉಳಿದ ಕಾಲು ಪಾಲಿಗಾಗಿ ಅವರು ನಮ್ಮ ಮೆಟ್ಟಿಲು ಹತ್ತಿದ್ದು. ಇದ್ದ ಮುಕ್ಕಾಲನ್ನೂ ಖಾತೆಗೆ ಹಾಕಿದರು.

ಆರಿಸಿಕೊಂಡದ್ದು ಕಚ್ಚಾತೈಲ. ಡೀಸೆಲ್ ರೇಟಿಗೆ ಬಸ್ಸಿನ ಮಾಲೀಕರು ಹಾಕುವ ಶಾಪವನ್ನು ದಿನವಿಡೀ ಕೇಳುವವರಿಗೆ ಅದು ಪರಿಚಯದ ಸರಕು. ಮುಂದಿನ ದಿನಾಂಕಕ್ಕೆ ಇಂದೇ ಬೆಲೆ ಕಟ್ಟುವ ಒಪ್ಪಂದ ಫ್ಯೂಚರ್ಸ್. ಆ ಒಪ್ಪಂದದ ಮೇಲಿನ ಹಕ್ಕು ಆಪ್ಷನ್. ನಾನು ಹೇಳಿಕೊಟ್ಟದ್ದು ಸ್ಪ್ರೆಡ್. ಬ್ಯಾರಲಿಗೆ ಆರೂವರೆ ಸಾವಿರ ರೂಪಾಯಿಯ ಬೆಲೆಗೆ ಕೊಳ್ಳುವ ಹಕ್ಕನ್ನು ಮಾರುವುದು, ಆರು ಸಾವಿರದ ಆರುನೂರಕ್ಕೆ ಕೊಳ್ಳುವ ಹಕ್ಕನ್ನು ನಾವು ಕೊಂಡಿಟ್ಟುಕೊಳ್ಳುವುದು. ಬೆಲೆ ಏರದಿದ್ದರೆ, ಮಾರಿ ಬಂದದ್ದಕ್ಕೂ ಕೊಳ್ಳಲು ಕೊಟ್ಟದ್ದಕ್ಕೂ ಇರುವ ವ್ಯತ್ಯಾಸದ ಹಣ ನಮಗೆ. ಏರಿದರೆ, ಮಾರಿದ್ದರಲ್ಲಿ ಹೋಗುವುದನ್ನು ಕೊಂಡದ್ದು ತಡೆದು ನಿಲ್ಲಿಸುತ್ತದೆ. ತಡೆಯುವವನು ಇರುವುದರಿಂದ ಭದ್ರತೆಗೆಂದು ಇಡಬೇಕಾದ ಮಾರ್ಜಿನ್ ಹಣವೂ ಕಡಿಮೆ.

ಅವರು ಕಾಗದವನ್ನು ತುಂಬ ಹೊತ್ತು ನೋಡಿದರು. "ಕೆಳಗೆ ಇದ್ದರೆ ಲಾಭ. ಎರಡನ್ನೂ ದಾಟಿದರೆ ಇಂತಿಷ್ಟೇ ನಷ್ಟ. ಸರಿ. ಕಡೇ ದಿನ ಎರಡರ ನಡುವೆ ನಿಂತರೆ ಎಂತ?"

ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಾಗ ಪ್ರಶ್ನೆಯನ್ನೇ ಸಣ್ಣದು ಮಾಡಬೇಕೆಂಬುದು ವೇದಿಕೆಯಲ್ಲಿ ಕಲಿತ ವಿದ್ಯೆ.

"ನೂರರ ಬದಲು ಐವತ್ತು ನಷ್ಟ, ಅಷ್ಟೆ. ಇದು ಲೆಕ್ಕ ದೇಜಪ್ಪಣ್ಣ, ಬಸ್ಸಲ್ಲ."

ಕಚೇರಿಯಲ್ಲಿದ್ದವರು ನಕ್ಕರು. ಅವರೂ ನಕ್ಕರು.

ಎರಡು ತಿಂಗಳು ನಾಲ್ಕು ಕಾಸು ಬಂತು. ಒಂದು ದಿನ ನನಗೆ ಬಾಳೆಹಣ್ಣಿನ ಹಲ್ವ ತಂದುಕೊಟ್ಟು, ಅಂಗಡಿಗೆ ಹೆಸರು ಹುಡುಕಲು ಹೇಳಿದರು. ಮೂರನೆಯ ತಿಂಗಳು, ಆಪ್ಷನ್ ಮುಗಿಯುವ ಹಿಂದಿನ ದಿನ, ಮಧ್ಯಾಹ್ನ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಮೊಬೈಲಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂದಿತ್ತು: ಹೆಚ್ಚಿನ ಮಾರ್ಜಿನ್ ಇಡಿ, ಇಲ್ಲವೇ ವ್ಯವಹಾರ ಮುಗಿಸಿ. ಅದು ಎಲ್ಲರಿಗೂ ಬರುವ ಮೆಸೇಜು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

"ಎರಡನ್ನೂ ಇವತ್ತೇ ಮುಗಿಸುವಾ? ಸಿಕ್ಕಿದಷ್ಟು ಸಾಕು."

"ಟೈಮಿಗೆ ಮೊದಲು ಬಿಡಬಾರದು ಅಂತ ಎಲ್ಲರಿಗೂ ಹೇಳುವವರು ನೀವೇ ಅಲ್ವಾ?"

ಅವರದೇ ನಿಯಮದಿಂದ ಅವರ ಬಾಯಿ ಮುಚ್ಚಿಸಿದ್ದೆ. ಚರ್ಚೆಯಲ್ಲಿ ಇದಕ್ಕೆ ಚಪ್ಪಾಳೆ ಸಿಗುತ್ತದೆ. ಅವರು ಮೊಬೈಲನ್ನು ಕಿಸೆಗೆ ಹಾಕಿ ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಮರುದಿನ ಬೆಲೆ ಮುಗಿದದ್ದು ಆರು ಸಾವಿರದ ಐನೂರ ಅರವತ್ತಕ್ಕೆ, ಎರಡರ ನಡುವೆ. ದೇಜಪ್ಪಣ್ಣ ಕೊಂಡಿಟ್ಟ ಹಕ್ಕಿನ ಬೆಲೆಯನ್ನು ಅದು ಮುಟ್ಟಿರಲಿಲ್ಲ, ಆದ್ದರಿಂದ ಆ ಹಕ್ಕು ಸತ್ತುಹೋಯಿತು. ಮಾರಿದ್ದು ಮಾತ್ರ ಸಾಯಲಿಲ್ಲ. ಅದು ಅವರ ತಲೆಗೆ ಬಂದು ಆರೂವರೆ ಸಾವಿರಕ್ಕೇ ತೈಲ ಮಾರಬೇಕಾದ ಬರಿಯ ಫ್ಯೂಚರ್ಸ್ ಒಪ್ಪಂದವಾಗಿ ಕುಳಿತಿತು. ಅದರ ನಷ್ಟಕ್ಕೆ ಮಿತಿಯಿಲ್ಲ, ಅದಕ್ಕೆ ಬೇಕಾದ ಮಾರ್ಜಿನ್ ಅವರ ಖಾತೆಯಲ್ಲಿರಲಿಲ್ಲ. ಬೆಳಗಾಗುವಾಗ ಯಾವುದೋ ಸಮುದ್ರದಲ್ಲಿ ಯಾವುದೋ ಹಡಗಿಗೆ ಬೆಂಕಿ ಬಿದ್ದ ಸುದ್ದಿಗೆ ತೈಲ ಹಾರಿತ್ತು. ಮಾರುಕಟ್ಟೆ ತೆರೆದೊಡನೆ ನಮ್ಮ ದಲ್ಲಾಳಿ ಸಂಸ್ಥೆ ಸಿಕ್ಕಿದ ಬೆಲೆಗೆ ಒಪ್ಪಂದ ಮುಗಿಸಿತು. ನಾನು ಗರಿಷ್ಠ ನಷ್ಟ ಎಂದು ಬರೆದುಕೊಟ್ಟದ್ದರ ನಾಲ್ಕು ಪಟ್ಟು ಹೋಯಿತು.

ಅವರು ಬಂದು ಕೂಗಾಡಲಿಲ್ಲ. ಏನಾಯಿತೆಂದು ಕಾಗದದಲ್ಲಿ ಬರೆದು ತೋರಿಸಲು ಹೇಳಿದರು. ರಾತ್ರಿಯೆಲ್ಲ ಓದಿ ಕಲಿತದ್ದನ್ನು ನಾನು ಬಹಳ ಚೆನ್ನಾಗಿಯೇ ವಿವರಿಸಿದೆ.

"ಅಂದರೆ ತಡೆಯುವವನು ಮೊದಲೇ ಇಳಿದು ಹೋದ," ಎಂದರು.

ಮೂಡುಬಿದಿರೆಯ ಕೋಣೆಯಲ್ಲಿ ಬೇರೆ ಯಾರೋ ಮೊಬೈಲ್ ರಿಪೇರಿ ಅಂಗಡಿ ಇಟ್ಟರು. ದೇಜಪ್ಪಣ್ಣ ಮತ್ತೆ ನಿಂತರು, ಮಳೆಗಾಲ ಮುಗಿಯುವ ತನಕ. ಆಮೇಲೆ ಹಿಮ್ಮಡಿಯ ಮೇಲೆ ಹುಣ್ಣಾಗಿ, ಒಣಗದೆ, ಕಕ್ಕಿಂಜೆಯ ಅಕ್ಕನ ಮನೆ ಸೇರಿದರು.

ನಾನು ಕೆಲಸ ಬಿಟ್ಟ ವಾರ ಅಲ್ಲಿಗೆ ಹೋಗಿದ್ದೆ. ಚಾವಡಿಯಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದರು. ಅವರ ಅಕ್ಕ ನೀರು ಬೆಲ್ಲ ತಂದಿಟ್ಟರು. ನಾನು ಯಾರೆಂದು ದೇಜಪ್ಪಣ್ಣ ಅಕ್ಕನಿಗೆ ಹೇಳಿರಲಿಲ್ಲ ಎಂದು ಕಾಣುತ್ತದೆ. ಕ್ಷಮೆ ಕೇಳಬೇಕೆಂದೇ ಬಸ್ಸು ಹತ್ತಿದ್ದು. ಬಾಯಿ ತೆರೆದರೆ ಬಂದದ್ದು ಬೇರೆ: ಈ ನಿಯಮ ನೀವು ಸಹಿ ಹಾಕಿದ ಕಾಗದದಲ್ಲೇ ಇತ್ತು, ದೇಜಪ್ಪಣ್ಣ.

"ಇತ್ತಾ? ನೀನು ಓದಿದ್ದೆಯಾ?"

ನಾನು ನೀರಿನ ಲೋಟ ಕೈಗೆತ್ತಿಕೊಂಡೆ.

"ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಆಗ್ತಿತ್ತು, ಲಾಯರಮ್ಮ. ನಾನು ಬೇರೆ ಯಾರ ಹತ್ತಿರವಾದರೂ ಕೇಳ್ತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಗೋಡೆಯ ಕಡೆಗೆ ಮಗ್ಗುಲಾದರು. ನಾನು ಎದ್ದು ಬಂದೆ. ಮತ್ತೆ ಅವರನ್ನು ನೋಡಿಲ್ಲ. ಚಾರ್ಮಾಡಿಯಿಂದ ಇಳಿದು ಬಂದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಉಜಿರೆ ದಾಟುವ ತನಕವೂ ನಾನು ಅವರ ಮಾತಿಗೊಂದು ಪ್ರತಿವಾದ ಹುಡುಕುತ್ತಲೇ ಇದ್ದೆ.