ಬಸವರಾಜ ಸಾಯುತ್ತಿದ್ದ ಜಾಗ

ಹೆಂಡತಿ ಮಕ್ಕಳಿರುವ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೂವತ್ತೇಳು ವರ್ಷದ ಗಂಡಸೊಬ್ಬ ಹನ್ನೊಂದು ಭಾನುವಾರ ಒಂದೇ ರಾಕ್ಷಸನ ಕೈಯಲ್ಲಿ ಸತ್ತ ಎಂದರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ನನ್ನ ಹೆಂಡತಿಯೂ ನಕ್ಕಿದ್ದಳು. "ಬೇರೆಯವ್ರು ಭಾನುವಾರ ತರಕಾರಿ ತಗೊಂಡ್ ಬರ್ತಾರೆ. ನೀವು ಸತ್ತು ಬರ್ತೀರ," ಎಂದಿದ್ದಳು.

ಇದು ಎರಡು ಸಾವಿರದ ಏಳೋ ಎಂಟೋ ಇರಬೇಕು. ಹಲಸೂರಿನಲ್ಲಿ ನಮ್ಮ ಶಾಲೆಗೆ ಹತ್ತಿರವೇ, ಒಂದು ಬೇಕರಿಯ ಮಹಡಿಯ ಮೇಲೆ ಸೈಬರ್ ಕೆಫೆ ಇತ್ತು. ಕಂಪ್ಯೂಟರಿನ ಮುಂದೆ ಕೂತರೂ ಕೆಳಗಿನ ಬನ್ನಿನ ವಾಸನೆ ಬರುತ್ತಿತ್ತು. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಹೋದವನು ಪಕ್ಕದ ಪರದೆಯ ಮೇಲೆ ನಡೆಯುತ್ತಿದ್ದ ಯುದ್ಧ ನೋಡುತ್ತಾ ನಿಂತೆ. ಮುಂದಿನ ವಾರ ಕೂತೆ. ಅದಾದ ಮೇಲೆ ಏಳಲಿಲ್ಲ.

ಬೆಂಗಳೂರಿನಲ್ಲಿ ಬಾಸ್ ಎಂದರೆ ಯಾರು ಬೇಕಾದರೂ ಆಗಬಹುದು. ಆಟೋದವರು ನನ್ನನ್ನು ಬಾಸ್ ಎನ್ನುತ್ತಾರೆ, ನಾನು ಬೇಕರಿಯವರನ್ನು ಬಾಸ್ ಎನ್ನುತ್ತೇನೆ. ಆನ್‌ಲೈನ್ ಆಟಗಳಲ್ಲಿ ಮಾತ್ರ ಆ ಪದಕ್ಕೆ ಇನ್ನೂ ಮರ್ಯಾದೆ ಉಳಿದಿದೆ. ಅಲ್ಲಿ ಬಾಸ್ ಎಂದರೆ ಗುಹೆಯ ಕೊನೆಯಲ್ಲಿ ಕಾದು ಕೂತಿರುವ ದೊಡ್ಡ ರಾಕ್ಷಸ. ಒಬ್ಬರಿಂದ ಅವನು ಸಾಯುವುದಿಲ್ಲ, ನಾಲ್ವರು ಸೇರಬೇಕು. ನಮ್ಮ ಪಾಲಿನ ರಾಕ್ಷಸನಿಗೆ ಮೂರು ತಲೆ. ಯಾವ ತಲೆ ಬೆಂಕಿ ಉಗುಳುತ್ತದೆ ಎಂದು ಪರದೆಯ ಮೇಲ್ಭಾಗದಲ್ಲಿ ಒಂದು ಸಾಲು ಮೂಡಿ ಮಾಯವಾಗುತ್ತಿತ್ತು. ಅಷ್ಟರೊಳಗೆ ಬೆಂಕಿ ಬೀಳದ ಕಡೆಗೆ ಓಡಬೇಕು. ಒಬ್ಬ ಸುಟ್ಟುಹೋದರೂ ಮಿಕ್ಕ ಮೂವರ ಕೈಯಲ್ಲಿ ಅವನನ್ನು ಮುಗಿಸಲು ಆಗುತ್ತಿರಲಿಲ್ಲ.

ನಮ್ಮ ನಾಲ್ವರಲ್ಲಿ ನಾನು ಒಬ್ಬ. ಕುಕ್ ಟೌನಿನ ಮರ್ಸಿ ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನಿಸ್ಟ್, ಆಟದಲ್ಲಿ ನಮ್ಮ ಗಾಯ ಮಾಯಿಸುವವಳು. ಶಿವಾಜಿನಗರದ ಬಟ್ಟೆ ಅಂಗಡಿಯ ಇಮ್ರಾನ್ ದೂರದಿಂದ ಬಾಣ ಬಿಡುವವನು. ನಾಲ್ಕನೆಯವನು ಬಸವರಾಜ. ಯಾದಗಿರಿ ಕಡೆಯವನು, ಟೈಲ್ಸ್ ಹಾಕುವ ಕೆಲಸ, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ತಮ್ಮನ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಕೆಫೆಗೆ ಬಂದು, ನನ್ನ ಹಾಗೆಯೇ ಸಿಕ್ಕಿಬಿದ್ದಿದ್ದ. ಗುರಾಣಿ ಹಿಡಿದು ರಾಕ್ಷಸನ ಎದುರಿಗೆ ನಿಲ್ಲುವ ಕೆಲಸ ಅವನದು. ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದವನು ರಾಕ್ಷಸನ ಆಯುಷ್ಯ ಕಾಲು ಭಾಗ ಉಳಿದಾಗ, ಬೆಂಕಿಯ ಆಟ ಶುರುವಾಗುತ್ತಿದ್ದಂತೆ ಸತ್ತುಹೋಗುತ್ತಿದ್ದ. ಪ್ರತಿ ಸಲವೂ ಅದೇ ಜಾಗ.

ಗಣಿತದ ಮೇಷ್ಟ್ರಿಗೆ ಸೋಲು ಎಂದರೆ ಬಿಡಿಸಬೇಕಾದ ಲೆಕ್ಕ. ಗ್ರಾಫ್ ಹಾಳೆಯ ಮೇಲೆ ನಾನೊಂದು ಯೋಜನೆ ಬರೆದೆ. ನಾಲ್ಕು ಕಾಲಂ, ಬಾಣದ ಗುರುತುಗಳು, ಯಾವ ಸೆಕೆಂಡಿಗೆ ಯಾರು ಎಲ್ಲಿ. ಜೆರಾಕ್ಸ್ ಮಾಡಿಸಿ ಹಂಚಿದೆ. ಇಮ್ರಾನ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮೇಷ್ಟ್ರೇ, ಇದಕ್ಕಿಂತ ರಾಕ್ಷಸನೇ ಈಸಿ ಇದ್ದಾನೆ," ಎಂದ. ನನಗೆ ಸಿಟ್ಟು ಬಂತು. ಬಸವರಾಜ ಮಾತ್ರ ಹಾಳೆಯನ್ನು ನೀಟಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆಮೇಲೂ ಅದೇ ಜಾಗದಲ್ಲಿ ಸತ್ತ.

ಪುರಾಣಗಳಲ್ಲಿ ರಾಕ್ಷಸರು ವರ ಕೇಳುವುದನ್ನು ನೋಡಿ. ಇಂಥವರಿಂದ ಸಾವು ಬೇಡ, ಇಂಥ ಹೊತ್ತಿನಲ್ಲಿ ಬೇಡ ಎಂದು ಷರತ್ತಿನ ಮೇಲೆ ಷರತ್ತು. ಕೇಳಲು ಜಟಿಲ. ಸಂದು ತಿಳಿದವನಿಗೆ ಕೊಲ್ಲುವುದು ಒಂದು ಗಳಿಗೆಯ ಕೆಲಸ. ಜಟಿಲವಾದದ್ದೆಲ್ಲ ಕಷ್ಟವೇನೂ ಅಲ್ಲ ಎಂದು ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳುತ್ತಲೇ ಇದ್ದೆ. ಅದರ ತಿರುಗುಮುರುಗು ನನಗೆ ಹೊಳೆದಿರಲಿಲ್ಲ. ಸರಳವಾದದ್ದು ಒಬ್ಬರಿಗೆ ಬಲು ಕಷ್ಟವಾಗಿರಬಹುದು, ಪಕ್ಕದಲ್ಲೇ ಕೂತವನಿಗೆ ಅದು ಕಾಣಿಸದಿರಬಹುದು.

ಹನ್ನೊಂದನೆಯ ಸೋಲಿನ ನಂತರ ನಾನು ಮಾಡಿದ್ದನ್ನು ಹೇಳಲು ಈಗಲೂ ಮುಜುಗರ. ಆಟದೊಳಗೆ ಮಲೇಶಿಯಾದ ಒಬ್ಬನ ಪರಿಚಯವಾಗಿತ್ತು, ಗುರಾಣಿ ಹಿಡಿಯುವುದರಲ್ಲಿ ನಿಸ್ಸೀಮ. ಮುಂದಿನ ಭಾನುವಾರ ಹತ್ತೂವರೆಗೆ ಬಾ ಎಂದು ಅವನಿಗೆ ಬರೆದೆ. ಕೆಫೆಯ ಮೆಟ್ಟಿಲ ಮೇಲೆ ಮರ್ಸಿಗೂ ಇಮ್ರಾನನಿಗೂ ತಿಳಿಸಿದೆ. ಇಮ್ರಾನ್ ಬೇರೆ ಕಡೆ ನೋಡಿದ. ಮರ್ಸಿ, "ಬಸವರಾಜ್‌ಗೆ ಯಾರು ಹೇಳ್ತಾರೆ?" ಎಂದಳು.

"ನಾನೇ ಹೇಳ್ತೀನಿ."

"ಹೇಳಿ ಮಾಸ್ಟರ್. ನನ್ ಕೈಲಿ ಆಗಲ್ಲ."

ಆ ಭಾನುವಾರ ಎಲ್ಲರಿಗಿಂತ ಮುಂಚೆ ಹೋದೆ. ಬಸವರಾಜ ನನಗಿಂತ ಮುಂಚೆ ಬಂದಿದ್ದ. ಕಂಪ್ಯೂಟರ್ ಇನ್ನೂ ಹಾಕಿರಲಿಲ್ಲ. ತೊಡೆಯ ಮೇಲೆ ನನ್ನ ಗ್ರಾಫ್ ಹಾಳೆ, ಅದರ ಪಕ್ಕ ಟೈಲ್ಸಿನ ಅಳತೆ ಬರೆದುಕೊಳ್ಳುವ ಸಣ್ಣ ನೋಟ್‌ಬುಕ್ಕು. ಪರದೆಯ ಮೇಲೆ ಮೂಡುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನೆನಪಿದ್ದಷ್ಟು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ತುಟಿ ಅಲ್ಲಾಡಿಸುತ್ತಾ ಬಾಯಿಪಾಠ ಮಾಡುತ್ತಿದ್ದ. ನನ್ನನ್ನು ಕಂಡು ನೋಟ್‌ಬುಕ್ಕು ಮುಚ್ಚಿದ.

"ಏನಿದು ಬಸವರಾಜ?"

"ಏನಿಲ್ರಿ ಸರ." ನೋಟ್‌ಬುಕ್ಕನ್ನು ಜೇಬಿಗೆ ತುರುಕಿಕೊಂಡು ಹೇಳಿದ: "ಓದಾಕ ಬರ್ತದ್ರಿ. ಜೋಡ್ಸಿ ಜೋಡ್ಸಿ ಓದ್ತೀನಿ. ಓದಿ ಮುಗ್ಸೋದ್ರಾಗ ಬೆಂಕಿ ಬಂದೇ ಬಿಡ್ತದ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿರಿ? ನೀವು ಬರ್ದುಕೊಟ್ಟ ಪ್ಲಾನೂ ಇಂಗ್ಲಿಷ್‌ನ್ಯಾಗೇ ಅದರಿ."

ಹಾಳೆ ನೋಡಿದೆ. ಹೌದು. ಕನ್ನಡದಲ್ಲೇ ಬೆಳೆದು, ಕನ್ನಡದಲ್ಲೇ ಗಣಿತ ಕಲಿಸುವ ನಾನು, ಕಂಪ್ಯೂಟರ್ ವಿಷಯವೆಂದ ಮಾತ್ರಕ್ಕೆ ನಾಲ್ಕೂ ಕಾಲಮ್ಮನ್ನು ಇಂಗ್ಲಿಷಿನಲ್ಲಿ ತುಂಬಿದ್ದೆ. ಹದಿನಾಲ್ಕು ವರ್ಷ ಮೇಷ್ಟ್ರಾಗಿದ್ದವನಿಗೆ, ಪಕ್ಕದ ಕುರ್ಚಿಯವನಿಗೆ ಓದಲು ಸಮಯ ಸಾಲುತ್ತಿಲ್ಲ ಎಂಬುದು ಹನ್ನೊಂದು ವಾರ ತಿಳಿಯಲಿಲ್ಲ. ನಾನು ಬಂದಿದ್ದ ಕೆಲಸವನ್ನು ಅವನಿಗೆ ಹೇಳಲಿಲ್ಲ. ಕಂಪ್ಯೂಟರ್ ಹಾಕಿ, ಇವತ್ತು ಬರಬೇಡ, ಕ್ಷಮಿಸು ಎಂದು ಮಲೇಶಿಯಾದವನಿಗೆ ಬರೆದೆ.

ಉಳಿದಿಬ್ಬರು ಬಂದ ಮೇಲೆ, ಎಚ್ಚರಿಕೆಯ ಸಾಲನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ ಎಂದೆ. ಮೊದಲ ಸುತ್ತಿನಲ್ಲಿ ಮೇಷ್ಟ್ರ ಶೈಲಿಯಲ್ಲಿ, ಪೂರ್ತಿ ವಾಕ್ಯವನ್ನು ಕನ್ನಡಕ್ಕೆ ತಂದು, "ಎಡಗಡೆಯ ತಲೆ ಈಗ ಬೆಂಕಿ ಉಗುಳುವುದರಿಂದ" ಎನ್ನುತ್ತಿದ್ದಂತೆ ನಾನೇ ಸುಟ್ಟುಹೋದೆ. ಕನ್ನಡ ಮಾಡುವುದರಲ್ಲಿ ಮೈಮರೆತು ಓಡುವುದನ್ನೇ ಬಿಟ್ಟಿದ್ದೆ. ಮರ್ಸಿ ನಕ್ಕೂ ನಕ್ಕೂ ಮೌಸ್ ಕೈಬಿಟ್ಟಳು.

ಆಗ ಬಸವರಾಜ ಹೇಳಿದ: "ಸರ, ಅಷ್ಟುದ್ದ ಬ್ಯಾಡ್ರಿ. ಟೈಲ್ಸ್ ಕೂಡ್ಸಾಗ ನಮ್ಮ ಜೋಡಿ ಇದ್ದಂವ ಸರಸು, ತಗಿ ಅಂತ ಒಂದೊಂದ ಮಾತು ಅಂತಾನ. ಅಷ್ಟ ಸಾಕ್ರಿ. ಎತ್ತಾಗ ಓಡ್ಬೇಕು ಅದೊಂದು ಅನ್ರಿ."

ಗ್ರಾಫ್ ಹಾಳೆಗಳನ್ನು ಪಕ್ಕಕ್ಕಿಟ್ಟೆವು. ಎಡ, ಬಲ, ನಡು: ನಮ್ಮ ಯೋಜನೆಯಲ್ಲಿ ಉಳಿದದ್ದು ಇಷ್ಟೇ. ಎರಡನೆಯ ಸುತ್ತಿನಲ್ಲಿ ಕರೆಂಟು ಹೋಯಿತು. ಮೂರನೆಯದರಲ್ಲಿ ನಾನು "ಬಲ" ಎಂದೆ, ಬಸವರಾಜ ಬಲಕ್ಕೆ ಓಡಿದ, ಮರ್ಸಿ ಅವನ ಗಾಯ ಮಾಯಿಸಿದಳು. "ನಡು" ಎಂದೆ, "ಎಡ" ಎಂದೆ. ಬಸವರಾಜ ತಾನು ಯಾವಾಗಲೂ ಸಾಯುತ್ತಿದ್ದ ಜಾಗವನ್ನು ದಾಟಿದ. ಅಲ್ಲಿಂದಾಚೆ ಏನಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಇಮ್ರಾನ್ ಕೊನೆಯ ಬಾಣ ಬಿಟ್ಟ. ಮೂರು ತಲೆಗಳೂ ಒಂದೊಂದಾಗಿ ಕೆಳಗಿಳಿದವು.

ಇಮ್ರಾನ್ ಮುಖ ಒರೆಸಿಕೊಂಡ. ಪರದೆಯ ತುಂಬ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳು, ಎರಡು ಸಾಲು. ಈ ಸಲ ಅವು ಮಾಯವಾಗಲಿಲ್ಲ, ಯಾರಾದರೂ ಗುಂಡಿ ಒತ್ತುವ ತನಕ ಇರುವಂಥವು. ನಾನು ಅಭ್ಯಾಸಬಲದಿಂದ ಓದಲು ಬಾಯಿ ತೆರೆದೆ.

"ಇರ್ರಿ ಸರ," ಎಂದ ಬಸವರಾಜ. "ನಾನ ಓದ್ತೀನಿ."

ಕುರ್ಚಿ ಮುಂದಕ್ಕೆಳೆದುಕೊಂಡು ಮೊದಲ ಅಕ್ಷರದಿಂದ ಶುರು ಮಾಡಿದ. ಮರ್ಸಿ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಎರಡನೆಯ ಪದದಲ್ಲಿ ಅವನು ತಡವರಿಸಿದ, ಹಿಂದಕ್ಕೆ ಹೋದ, ಮತ್ತೆ ಬಂದ. ನನಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳದೆ ಸುಮ್ಮನೆ ಕೂರುವುದರಲ್ಲಿ ಜಟಿಲವಾದದ್ದು ಏನೂ ಇಲ್ಲ. ಒಬ್ಬ ಮೇಷ್ಟ್ರಿಗೆ ಅದಕ್ಕಿಂತ ಕಷ್ಟದ್ದೂ ಇಲ್ಲ. ಬಸವರಾಜ ಎರಡೂ ಸಾಲು ಓದಿ ಮುಗಿಸುವವರೆಗೆ ನಾನು ಕೂತೇ ಇದ್ದೆ.