ಜೋರಾಗಿ ಹಲೋ ಎನ್ನುವವರು

ನಮ್ಮ ಹೊಸಹಳ್ಳಿಯಲ್ಲಿ ಪವರ್‌ಲೂಮಿನ ಸದ್ದಿಗೆ ಕಿವಿ ಕಳೆದುಕೊಂಡವರು ಬೀದಿಗೊಬ್ಬರಿದ್ದಾರೆ, ಆದರೆ ತಮಗೆ ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡವರು ಒಬ್ಬರೂ ಇಲ್ಲ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಮರಿಸಿದ್ದಯ್ಯನವರು ಅವರೆಲ್ಲರಿಗೂ ಹಿರಿಯರು. ಹೇಳಿದ್ದು ಕೇಳಿಸದಿದ್ದರೆ "ಅದೂ ಸರಿಯೇ" ಎನ್ನುತ್ತಾರೆ. ಸಾವಿನ ಸುದ್ದಿಗೂ ಹಾಗೆಯೇ ಎಂದಿದ್ದಾರೆ. ಮಗಳು ರಮ್ಯಶ್ರೀ ದೊಡ್ಡ ಪರದೆಯ ಮೊಬೈಲು ತಂದುಕೊಟ್ಟ ಮೇಲಂತೂ ಅವರ ಗತ್ತು ಹೇಳತೀರದು. ಸಂಜೆಯಾದರೆ ಮೊದಲು ನಮ್ಮ ಮೆಟ್ಟಿಲ ಕೆಳಗೆ ನಿಂತು ಮಗಳ ಮೆಸೇಜನ್ನು ತುಟಿ ಆಡಿಸುತ್ತ ಬಾಯಿಪಾಠ ಮಾಡುತ್ತಾರೆ. ಆಮೇಲೆ ಶೆಟ್ಟರ ಅಂಗಡಿಯ ಮುಂದೆ ಹೋಗಿ ನಿಂತು, ಜೇಬಿನಲ್ಲಿ ಫೋನು ನಡುಗಿದ ಕೂಡಲೇ ಕಿವಿಗಿಟ್ಟುಕೊಂಡು, "ಹಲೋ! ಮಗೂಗೆ ಜ್ವರ ಬಿಡ್ತಾ? ಭಾನುವಾರ ಬರ್ತೀನಿ ಬಿಡು!" ಎಂದು ಕೂಗುತ್ತಾರೆ. "ಅಣ್ಣಾ, ಫೋನ್ ಇಲ್ದಿದ್ರೂ ಮಗಳಿಗೆ ಕೇಳ್ಸುತ್ತೆ ಬಿಡಿ" ಎಂದು ಶೆಟ್ಟರು ಅಂದರೆ, "ಅದೂ ಸರಿಯೇ" ಎಂದು ಎಲ್ಲರಿಗಿಂತ ಮೊದಲು ತಾವೇ ನಗುತ್ತಾರೆ. ಮೊನ್ನೆ ನಾನೂ ಅಂಗಡಿಗೆ ಹೋಗಿದ್ದಾಗ ಗತ್ತು ಹೆಚ್ಚಾಗಿ, "ತಗೊಳ್ಳಿ ಯಶೋದಮ್ಮ, ನೀವೂ ಮಾತಾಡಿ" ಎಂದು ಫೋನನ್ನು ನನ್ನ ಕೈಗಿತ್ತರು. ಆ ಕಡೆ ಮಾತೇ ಇರಲಿಲ್ಲ. ನಾನು ಹಲೋ ಎಂದ ಮೇಲೆ ರಮ್ಯಶ್ರೀ ಮೆಲ್ಲಗೆ, "ಆಂಟಿ, ಹೇಳೋದೆಲ್ಲ ಮೆಸೇಜಲ್ಲೇ ಹೇಳಿರ್ತೀನಿ. ಫೋನ್ ಮಾಡೋದು ಅಂಗಡಿಯವ್ರು ನೋಡ್ಲಿ ಅಂತ. ಅಪ್ಪ ನಿಮ್ಮ ಮುಖಾನೇ ನೋಡ್ತಿರ್ತಾರೆ, ಒಂಚೂರು ನಕ್ಬಿಡಿ" ಎಂದಳು. ಇನ್ನೊಬ್ಬರ ಮನೆಯೊಳಗೆ ಹೇಳದೆ ನುಗ್ಗಿದವಳ ಹಾಗೆ ನನಗೆ ನಾಚಿಕೆಯಾಯಿತು. ತಲೆ ಎತ್ತಿದರೆ ಅವರು ರೆಪ್ಪೆ ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದರು. ನಕ್ಕೆ, ಇಡೀ ಅಂಗಡಿಗೆ ಕೇಳಿಸುವಷ್ಟು ಜೋರಾಗಿ ನಕ್ಕೆ.