ಅಪ್ಪನ ಬಿಲ್ಲು, ಅಣ್ಣನ ಪಿಟೀಲು

ಮಾನ್ಯ ಓದುಗರಲ್ಲಿ ವಿನಯಪೂರ್ವಕ ವಿನಂತಿ. ಇದು ನನ್ನ ಮೊದಲ ಬರಹವಾಗಿದ್ದು, ಅಕ್ಷರ ಹಾಗೂ ಕಾಗುಣಿತದ ದೋಷಗಳಿಗೆ ಮುಂಚಿತವಾಗಿಯೇ ಕ್ಷಮೆ ಕೋರುತ್ತೇನೆ. ಸತ್ತವರ ಸದ್ದು ಕೇಳಿಸುತ್ತದೆ ಎನ್ನುವವರನ್ನು ಕಂಡು ನಗುತ್ತಿದ್ದವಳು ನಾನು ಎಂಬುದನ್ನೂ ಈ ಮೂಲಕ ನಿವೇದಿಸುತ್ತೇನೆ.

ನಮ್ಮದು ತಿರ್ಲಾಪುರದಲ್ಲಿ ಗಾದಿಗೆ ಹತ್ತಿ ಹಿಂಜುವ ಮನೆತನ. ಯಂತ್ರಗಳು ಬಂದ ಮೇಲೂ ಅಪ್ಪ ಹಿಂಜುವ ಬಿಲ್ಲನ್ನು ಬಿಡಲಿಲ್ಲ. ತೂಗುಹಾಕಿದ ಬಿಲ್ಲಿನ ತಂತಿಯನ್ನು ಮರದ ಕೊಡತಿಯಿಂದ ಬಾರಿಸುತ್ತಿದ್ದರು. ಆ ಕಂಪನಕ್ಕೆ ಹತ್ತಿ ಬಿಡಿಬಿಡಿಯಾಗಿ ಹಾರುತ್ತಿತ್ತು. ಅಣ್ಣ ಆ ಸದ್ದಿನಲ್ಲಿಯೇ ಬೆಳೆದವನು. ಮುಂದೆ ಪಿಟೀಲು ಕಲಿತು, ಮುಂಬೈ ಸೇರಿ, ಜಾಝ್ ಎಂಬ ಪಾಶ್ಚಾತ್ಯ ಸಂಗೀತದಲ್ಲಿ ಹೆಸರು ಗಳಿಸಿದ. ತನ್ನನ್ನು ರೂಪಿಸಿದ್ದು ವಿದೇಶಿ ರೆಕಾರ್ಡುಗಳು ಎಂದು ಸಂದರ್ಶನಗಳಲ್ಲಿ ಹೇಳುತ್ತಾನೆ. ಮನೆಯಲ್ಲಿ ಹತ್ತಿಯ ಧೂಳು ಮಾತ್ರ ಇತ್ತಂತೆ.

ಅವನು ಊರು ಬಿಟ್ಟ ಬಹಳ ವರ್ಷಗಳ ನಂತರ ಅಪ್ಪನ ಬಲಗೈಗೆ ಲಕ್ವಾ ಹೊಡೆಯಿತು. ಆಮೇಲೆ ಎರಡು ಪೆಟ್ಟು ತಂತಿಗೆ ಬಿದ್ದರೆ ಮೂರನೆಯದು ತಪ್ಪಿ ಬಿಲ್ಲಿನ ಕಟ್ಟಿಗೆಗೆ ತಗಲುತ್ತಿತ್ತು. ಬಳಿಕ ಕೈ ಎತ್ತಲು ಒಂದು ಉಸಿರಿನಷ್ಟು ತಡವಾಗುತ್ತಿತ್ತು. ಈ ಸದ್ದನ್ನು ಅಣ್ಣ ಕೇಳಿದ್ದಿಲ್ಲ. ಆ ದಿನಗಳಲ್ಲಿ ಒಮ್ಮೆಯೂ ಬರಲಿಲ್ಲ, ಕೊನೆಗೆ ಅಪ್ಪನ ಮಣ್ಣಿಗೂ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ, ಒಂದು ಮಧ್ಯಾಹ್ನ ಗಾದಿ ಹೊಲಿಯುತ್ತ, ಮೊಬೈಲಿನಲ್ಲಿ ಅಣ್ಣನ ಹೊಸ ಕಾರ್ಯಕ್ರಮವನ್ನು ಹಚ್ಚಿದ್ದೆ. ನಡುವೆ ಅವನು ಎರಡು ಸಲ ತಂತಿ ಮೀಟಿ, ಮೂರನೆಯದಕ್ಕೆ ಪಿಟೀಲಿನ ಕಟ್ಟಿಗೆಗೆ ತಟ್ಟಿ, ಒಂದು ಉಸಿರಿನಷ್ಟು ನಿಂತ. ಮತ್ತೆ ಹಾಗೆಯೇ ಮಾಡಿದ. ನನ್ನ ಸೂಜಿ ನಿಂತಿತು. ಒಳಗಿನಿಂದ ಅವ್ವ ಕೂಗಿದರು:

"ಯವ್ವಾ, ನಿಮ್ಮಪ್ಪ ಕೆಲಸಕ್ಕ ಕುಂತಾನೇನ? ಚಾ ಬೇಕೇನ ಕೇಳ!"

ಹೊರಗೆ ಬಂದು, ಗೋಡೆಗೆ ತೂಗುಬಿಟ್ಟ ಬಿಲ್ಲನ್ನು ನೋಡಿ, ಅಲ್ಲಿಯೇ ಕುಳಿತರು.

ಅಂದೇ ಅಣ್ಣನಿಗೆ ಫೋನ್ ಮಾಡಿದೆ. "ಇದನ್ನ ಎಲ್ಲಿ ಕಲ್ತಿ?"

"ಎಲ್ಲೂ ಕಲ್ತಿಲ್ಲ ಬೇ. ಕೈ ತಾನಾ ಹಂಗ ಹೊಡೀತು. ಮಂದಿಗಿ ಅಗದಿ ಸೇರೇತಿ."

"ಅಪ್ಪಂದದು, ಅಣ್ಣಾ. ಲಕ್ವಾ ಹೊಡದಮ್ಯಾಲಿಂದು."

ಅವನು ನಕ್ಕ. "ಹುಚ್ಚಿ! ಅಪ್ಪ ಹತ್ತಿ ಹಿಂಜತಿದ್ದ. ಬಾರಸ್ತಿದ್ದಿಲ್ಲ."

ಅಪ್ಪನ ಕೆಲಸದ ಸದ್ದನ್ನು ಯಾರೂ ಮೊಬೈಲಿನಲ್ಲಿ ಹಿಡಿದಿಟ್ಟಿರಲಿಲ್ಲ, ವಿಚಾರಿಸಿದ್ದೇನೆ. ಅದು ಮುಂಬೈಗೆ ಹೇಗೆ ತಲುಪಿತೆಂಬುದು ಇಂದಿಗೂ ನನಗೆ ತಿಳಿದಿಲ್ಲ. ಕಾರ್ಯಕ್ರಮದ ಕೆಳಗೆ ಅಣ್ಣನ ಹೆಸರು ಮಾತ್ರ ಇದೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಬೇಕು. ಅಪ್ಪ ಬಾರಿಸುತ್ತಿದ್ದರು ಎಂದು ಬರೆದಿರುವುದನ್ನು ಮಾತ್ರ ತಿದ್ದಬಾರದಾಗಿ ಪ್ರಾರ್ಥನೆ.